ಕೊಲೆಗಾರ ಸಿಕ್ಕಿಬೀಳಬಾರದು ಅಂತ ಯಾಕೆ ಅನ್ನಿಸುತ್ತದೆ?

ಕೊಲೆ, ಅಪರಾಧದ ಕಥೆಗಳನ್ನು ಬರೆದ ಪೆಟ್ರೀಷಿಯಾ ಹೈಸ್ಮಿತ್ ಕಾದಂಬರಿಗಳನ್ನು ಓದಿದವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಒಂದು, 'ಒಂದೇ ಗುಕ್ಕಿಗೆ ಓದಿ ಮುಗಿಸಿದೆ.' ಇನ್ನೊಂದು, 'ಥೂ, ಇಡೀ ಪುಸ್ತಕದಲ್ಲಿ ನೆಟ್ಟಗಿರೋ ಮನುಷ್ಯ ಒಬ್ಬನೂ ಇಲ್ಲ, ಮನಸ್ಸೆಲ್ಲ ರಾಡಿಯಾಯಿತು.' ತಮಾಷೆ ಅಂದ್ರೆ ಎರಡನ್ನೂ ಒಬ್ಬರೇ ಹೇಳುವುದುಂಟು. ಅವರವರ ರುಚಿ ಅಂತ ಸುಮ್ನೆ ಬಿಟ್ಟುಬಿಡಬಹುದು. ಆದರೆ ಭಯ, ಕುತೂಹಲ, ನ್ಯಾಯದ ಆಸೆ ಇವೆಲ್ಲ ನಮ್ಮ ತಲೆಯೊಳಗೆ ಹೇಗೆ ಆಡುತ್ತವೆ ಅಂತ ಮನಃಶಾಸ್ತ್ರಜ್ಞರು ಕಂಡುಕೊಂಡಿದ್ದನ್ನು ನೋಡಿದರೆ, ಆ ಹೊಗಳಿಕೆ, ಈ ಬೈಗುಳ ಎರಡಕ್ಕೂ ಬೇರು ಒಂದೇ ಅನ್ನಿಸುತ್ತದೆ.

ಹೈಸ್ಮಿತ್ ಹುಟ್ಟಿದ್ದು 1921ರಲ್ಲಿ, ಅಮೆರಿಕದ ಟೆಕ್ಸಾಸ್‌ನಲ್ಲಿ. ತೀರಿಕೊಂಡಿದ್ದು 1995ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ. ಚಿಕ್ಕ ಹುಡುಗಿಯಾಗಿದ್ದಾಗಲೇ ಕಾರ್ಲ್ ಮೆನ್ನಿಂಜರ್ ಅನ್ನುವ ಮನೋವೈದ್ಯರ ಪುಸ್ತಕವೊಂದು ಆಕೆಯ ಕೈಗೆ ಸಿಕ್ಕಿತು. ಬೆಂಕಿ ಹಚ್ಚುವ ಗೀಳಿನವರು, ಕದಿಯುವ ಗೀಳಿನವರು, ಇಂಥವರ ನಿಜವಾದ ಪ್ರಕರಣಗಳು ಅದರಲ್ಲಿದ್ದವು. ಪಕ್ಕದ ಮನೆಯವರೂ ಹೀಗೇ ಇರಬಹುದಲ್ಲವೇ ಅನ್ನುವ ಯೋಚನೆ ಆಕೆಯನ್ನು ಕೊನೆತನಕ ಬಿಡಲಿಲ್ಲ. (ಬಸವನಹುಳ ಸಾಕುತ್ತಿದ್ದರು, ಕೈಚೀಲದಲ್ಲಿ ಹಾಕಿಕೊಂಡು ಪಾರ್ಟಿಗೂ ಒಯ್ದಿದ್ದರಂತೆ. ನಮ್ಮ ವಿಷಯಕ್ಕೂ ಅದಕ್ಕೂ ಸಂಬಂಧವಿಲ್ಲ, ಹೇಳದೇ ಇರಲು ಮನಸ್ಸು ಬರಲಿಲ್ಲ.)

1955ರಲ್ಲಿ ಬಂದ 'ದಿ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲಿ'ಯ ಒಂದು ದೃಶ್ಯ ನೋಡೋಣ. ಟಾಮ್ ರಿಪ್ಲಿ ತನ್ನ ಶ್ರೀಮಂತ ಗೆಳೆಯ ಡಿಕಿಯನ್ನು ದೋಣಿಯಲ್ಲಿ ಹುಟ್ಟುಗೋಲಿನಿಂದ ಹೊಡೆದು ಕೊಂದಿದ್ದಾನೆ. ಈಗ ರೋಮ್‌ನಲ್ಲಿ ಡಿಕಿಯ ಹೆಸರಿನಲ್ಲೇ ಬಾಡಿಗೆ ಮನೆ ಹಿಡಿದು ಬದುಕುತ್ತಿದ್ದಾನೆ. ಡಿಕಿಯ ಗೆಳೆಯ ಫ್ರೆಡ್ಡಿ ಅಲ್ಲಿಗೆ ಬರುತ್ತಾನೆ, ಅನುಮಾನ ಪಡುತ್ತಾನೆ. ಟಾಮ್ ಭಾರದ ಗಾಜಿನ ಆ್ಯಶ್‌ಟ್ರೇ ಎತ್ತಿ ಅವನ ತಲೆಗೆ ಹೊಡೆಯುತ್ತಾನೆ. ಆಮೇಲಿನದು ಇನ್ನೂ ಭಯಂಕರ. ಇಬ್ಬರೂ ಕೂತು ಕುಡಿದರು ಅನ್ನಿಸುವ ಹಾಗೆ ಗ್ಲಾಸು, ಸಿಗರೇಟು ತುಂಡು ಜೋಡಿಸುತ್ತಾನೆ. ಕತ್ತಲಾಗಲಿ ಅಂತ ಕಾಯುತ್ತಾನೆ. ಕುಡಿದು ಬಿದ್ದವನನ್ನು ಕರೆದೊಯ್ಯುವವನ ಹಾಗೆ ಹೆಣವನ್ನು ಮೆಟ್ಟಿಲಿಳಿಸಿ, ಫ್ರೆಡ್ಡಿಯದೇ ಕಾರಿಗೆ ಹಾಕಿ ಸಾಗಿಸುತ್ತಾನೆ.

ಆ ಮೆಟ್ಟಿಲುಗಳ ಮೇಲೆ ಓದುಗನ ಮನಸ್ಸು ಏನು ಬೇಡಿಕೊಳ್ಳುತ್ತದೆ? 'ಯಾರೂ ಎದುರಾಗದಿರಲಿ ದೇವರೇ' ಅಂತ. ಸತ್ತವನ ಬಗ್ಗೆ ಕನಿಕರವಿಲ್ಲ, ಕೊಂದವನಿಗಾಗಿ ಎದೆ ಢವಢವ. ಪುಸ್ತಕ ಮುಚ್ಚಿದ ಮೇಲೆ ನಾಚಿಕೆಯಾಗುವುದು ಇದಕ್ಕೇ.

ಕಥೆ ಓದುವಾಗ ನಾವು ಒಬ್ಬ ಪಾತ್ರದ ಗುರಿಯನ್ನು ತಾತ್ಕಾಲಿಕವಾಗಿ ನಮ್ಮದನ್ನಾಗಿ ಮಾಡಿಕೊಳ್ಳುತ್ತೇವೆ. ಯಾರ ಕಣ್ಣಿಂದ ನೋಡುತ್ತೇವೋ ಅವರ ಗುರಿ. ಅವರು ಒಳ್ಳೆಯವರೋ ಕೆಟ್ಟವರೋ ಅನ್ನುವ ಲೆಕ್ಕ ಆಮೇಲೆ ಬರುತ್ತದೆ. ಪತ್ತೇದಾರಿ ಕಾದಂಬರಿಯಲ್ಲಿ ಆ ಕಣ್ಣು ಪತ್ತೇದಾರನದು, ಹಾಗಾಗಿ ಯಾವ ತೊಂದರೆಯೂ ಇಲ್ಲ. ಹೈಸ್ಮಿತ್ ಕಣ್ಣನ್ನೇ ಬದಲಾಯಿಸಿದರು. ಓದುಗನನ್ನು ಕೊಲೆಗಾರನ ತಲೆಯೊಳಗೆ ಕೂರಿಸಿ ಬಾಗಿಲು ಹಾಕಿಕೊಂಡರು.

ಬಿಗಿ ಜಾಸ್ತಿಯಾದ ಹಾಗೆ ಸುತ್ತಲಿನದು ಮರೆತುಹೋಗುತ್ತದಲ್ಲ, ಅದಕ್ಕೆ ಮೆದುಳಿನಲ್ಲೇ ಗುರುತು ಸಿಕ್ಕಿದೆ. ಅಮೆರಿಕದ ಜಾರ್ಜಿಯಾ ಟೆಕ್ ಸಂಶೋಧಕರು ಸ್ಕ್ಯಾನರ್‌ನಲ್ಲಿ ಮಲಗಿದವರಿಗೆ ಸಿನಿಮಾ ತುಣುಕುಗಳನ್ನು ತೋರಿಸಿದರು. ಅವುಗಳಲ್ಲಿ ಆಲ್ಫ್ರೆಡ್ ಹಿಚ್‌ಕಾಕ್ ಸಿನಿಮಾಗಳದೂ ಇದ್ದವು. ಚಿತ್ರದ ಅಂಚಿನಲ್ಲಿ ಕಪ್ಪು ಬಿಳಿ ಚೌಕಗಳು ಮಿನುಗುತ್ತಿದ್ದವು. ಕಥೆ ಬಿಗಿಯಾದಾಗ ಅಂಚನ್ನು ಗಮನಿಸುವ ಮೆದುಳಿನ ಭಾಗದ ಚಟುವಟಿಕೆ ಇಳಿಯಿತು, ಬಿಗಿ ಸಡಿಲಾದಾಗ ಮತ್ತೆ ಏರಿತು. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಸಿನಿಮಾದ ಪ್ರಯೋಗವನ್ನು ಹಾಗೇ ತಂದು ಪುಸ್ತಕಕ್ಕೆ ಅಂಟಿಸಬಾರದು, ನಿಜ. ಆದರೆ ಒಲೆ ಮೇಲಿನ ಹಾಲು ಉಕ್ಕಿದ್ದೂ ಗೊತ್ತಾಗದ ಹಾಗೆ ಓದಿದವರಿಗೆ ಇದು ಹೊಸದೇನೂ ಅಲ್ಲ.

ಇನ್ನು, ಅಂಥ ನೀಚನ ಜೊತೆ ಇಷ್ಟು ಹೊತ್ತು ಇರಲು ಮನಸ್ಸಾದರೂ ಹೇಗೆ ಬರುತ್ತದೆ? ರೆಬೆಕಾ ಕ್ರೌಸ್ ಮತ್ತು ಡೆರೆಕ್ ರಕರ್ 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಂದು ಉತ್ತರ ಕೊಡುತ್ತದೆ. ನಿಜ ಜೀವನದಲ್ಲಿ ಕೆಟ್ಟವನೊಬ್ಬ ನಮ್ಮ ಹಾಗೇ ಇದ್ದಾನೆ ಅಂತ ಗೊತ್ತಾದರೆ ನಮಗೆ ಇರಿಸುಮುರಿಸು, ದೂರ ಸರಿಯುತ್ತೇವೆ. ಅದೇ ಕಥೆಯೊಳಗಿನ ಖಳ ನಮ್ಮನ್ನು ಹೋಲುತ್ತಿದ್ದರೆ ಅವನತ್ತ ವಾಲುತ್ತೇವೆ. ಅವನು ಕಟ್ಟುಕಥೆ, ನಮ್ಮ ಮರ್ಯಾದೆಗೆ ಅವನಿಂದ ಕುತ್ತಿಲ್ಲ. ಈಗ ಟಾಮ್‌ನನ್ನು ನೋಡಿ. ಕೈಯಲ್ಲಿ ಕಾಸಿಲ್ಲ. ದುಡ್ಡಿದ್ದವರ ನಡುವೆ ಕೂತಾಗ ತಾನು ಇಲ್ಲಿಯವನಲ್ಲ ಅನ್ನುವ ಸಂಕೋಚ. ಬೇರೆಯವರ ಚೆಂದದ ಬಟ್ಟೆ ಕಂಡರೆ ಹೊಟ್ಟೆಕಿಚ್ಚು. ಕೊಲೆಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ನಮಗೂ ಗೊತ್ತಿರುವುದೇ, ಅಲ್ವಾ? ಹೈಸ್ಮಿತ್ ಅವನನ್ನು ರಾಕ್ಷಸನನ್ನಾಗಿ ಮಾಡದೆ ಇಂಥ ಸಣ್ಣ ಸಣ್ಣ ಅವಮಾನಗಳಿಂದ ಕಟ್ಟಿದ್ದೇ ಆಕೆಯ ಜಾಣತನ.

ಹಾಗಂತ ಇಂಥದ್ದನ್ನು ಇಷ್ಟಪಡುವವರ ಎದೆ ಕಲ್ಲು ಅಂದುಕೊಳ್ಳಬೇಡಿ. ಭಯಾನಕ ಕಥೆಗಳ ಅಭಿಮಾನಿಗಳಲ್ಲಿ ಅನುಕಂಪ ಕಡಿಮೆ ಅನ್ನುವ ಹಳೆಯ ನಂಬಿಕೆಯನ್ನು ಕೋಲ್ಟನ್ ಸ್ಕ್ರಿವ್ನರ್ ಅನ್ನುವ ಸಂಶೋಧಕ ಪರೀಕ್ಷಿಸಿದಾಗ ಅದಕ್ಕೆ ಆಧಾರ ಸಿಗಲಿಲ್ಲ.

ಕಥೆಯನ್ನೆಲ್ಲ ಹೇಳಿಬಿಟ್ಟೆ ಅಂತ ಸಿಟ್ಟು ಬಂದಿದ್ದರೆ ಅದಕ್ಕೂ ಒಂದು ಪ್ರಯೋಗವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಶಾಖೆಯ ಇಬ್ಬರು 2011ರಲ್ಲಿ ಓದುಗರಿಗೆ ಸಣ್ಣಕಥೆಗಳನ್ನು ಕೊಟ್ಟರು. ಕೆಲವರಿಗೆ ಅಂತ್ಯವನ್ನು ಮೊದಲೇ ತಿಳಿಸಿದರು. ಅವರಿಗೇ ಕಥೆ ಸ್ವಲ್ಪ ಜಾಸ್ತಿ ಹಿಡಿಸಿತು. ಆಮೇಲೆ ಬೇರೆಯವರು ಮಾಡಿದ ಕೆಲವು ಅಧ್ಯಯನಗಳು ಇದಕ್ಕೆ ಉಲ್ಟಾ ಹೇಳಿದವು, ಹಾಗಾಗಿ ಜಗಳ ಇನ್ನೂ ಮುಗಿದಿಲ್ಲ. ರಿಪ್ಲಿಯ ಮಟ್ಟಿಗಂತೂ ಮೊದಲೇ ತಿಳಿದರೆ ನಷ್ಟವಿಲ್ಲ. ಅವನ ಮೇಲೆ ಹೈಸ್ಮಿತ್ ಒಟ್ಟು 5 ಕಾದಂಬರಿ ಬರೆದಿದ್ದಾರೆ, ಕೊನೆಯದು 1991ರಲ್ಲಿ. ಮೊದಲ ಪುಸ್ತಕದಲ್ಲಿ ಅವನು ಸಿಕ್ಕಿಬೀಳಲಿಲ್ಲ ಅಂತ ಅಂಗಡಿಯ ಕಪಾಟೇ ಹೇಳುತ್ತದೆ. ಆದರೂ ಮೆಟ್ಟಿಲ ದೃಶ್ಯದಲ್ಲಿ ಕೈ ಬೆವರುತ್ತದೆ.

ಕೈ ಬೆವರುವುದು ಕೆಲವರಿಗೆ ಸುಖ, ಕೆಲವರಿಗೆ ಹಿಂಸೆ. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದವರು ವೈಲೆ ಅನ್ನುವ ಊರಿನಲ್ಲಿ ಜನರನ್ನು ಹೆದರಿಸಿ ರಂಜಿಸಲೆಂದೇ ಮಾಡಿದ ಭೂತದ ಮನೆಗೆ ಬಂದ 110 ಜನರಿಗೆ ಎದೆಬಡಿತ ಅಳೆಯುವ ಉಪಕರಣ ಕಟ್ಟಿ ಒಳಗೆ ಕಳಿಸಿದರು. ಭಯ ತೀರಾ ಕಡಿಮೆಯಾದರೆ ಬೇಜಾರು, ಅತಿಯಾದರೆ ಸಂಕಟ, ನಡುವೆ ಎಲ್ಲೋ ಒಂದು ಕಡೆ ಖುಷಿಯ ತುದಿ. ಪಾಲ್ ರೋಜಿನ್ ಅನ್ನುವ ಮನಃಶಾಸ್ತ್ರಜ್ಞ ಮೆಣಸಿನಕಾಯಿ ತಿನ್ನುವವರಲ್ಲೂ ಇಂಥದ್ದನ್ನೇ ಕಂಡಿದ್ದರು. ಇನ್ನೊಂದು ಚೂರು ಜಾಸ್ತಿಯಾದರೆ ತಡೆಯೋಕಾಗಲ್ಲ ಅನ್ನುವುದಕ್ಕಿಂತ ತುಸು ಕೆಳಗಿನ ಖಾರವೇ ಜನಕ್ಕೆ ಇಷ್ಟ. ದೇಹ ಅಪಾಯ ಅನ್ನುತ್ತದೆ, ಮನಸ್ಸು ಏನೂ ಆಗಲ್ಲ ಅನ್ನುತ್ತದೆ, ಆ ಎಳೆದಾಟವೇ ಮಜಾ. ಯಾರ ತುದಿ ಎಲ್ಲಿದೆ ಅನ್ನುವುದು ಮಾತ್ರ ಬೇರೆ ಬೇರೆ. ಒಬ್ಬರು 'ಸಪ್ಪೆ' ಅಂದ ಪುಸ್ತಕಕ್ಕೆ ಇನ್ನೊಬ್ಬರು ನಿದ್ದೆಗೆಟ್ಟಿರುತ್ತಾರೆ.

ಹೈಸ್ಮಿತ್ ಮೇಲಿನ ಅತಿ ದೊಡ್ಡ ದೂರು ಭಯದ್ದಲ್ಲ, ಶಿಕ್ಷೆಯದ್ದು. 'ಅವನಿಗೆ ಏನೂ ಆಗಲಿಲ್ಲವಲ್ಲ!' ಡಾಲ್ಫ್ ಜಿಲ್‌ಮನ್ ಮತ್ತು ಜೆನಿಂಗ್ಸ್ ಬ್ರಯಾಂಟ್ 1975ರಲ್ಲಿ ಮಕ್ಕಳಿಗೆ ಇಬ್ಬರು ರಾಜಕುಮಾರರ ಕಥೆ ತೋರಿಸಿದರು. ಕೆಟ್ಟವನಿಗೆ ಒಮ್ಮೆ ಕ್ಷಮೆ, ಒಮ್ಮೆ ತಕ್ಕ ಶಿಕ್ಷೆ, ಒಮ್ಮೆ ಅತಿಯಾದ ಶಿಕ್ಷೆ. 4 ವರ್ಷದ ಮಕ್ಕಳಿಗೆ ಶಿಕ್ಷೆ ಜೋರಾದಷ್ಟೂ ಖುಷಿ. 7, 8 ವರ್ಷದವರಿಗೆ ತಪ್ಪಿಗೆ ತಕ್ಕಷ್ಟೇ ಇರಬೇಕು. ಅಂದರೆ ಎರಡನೇ ಮೂರನೇ ಕ್ಲಾಸಿನ ಹೊತ್ತಿಗೇ ನಮ್ಮೊಳಗೊಂದು ತಕ್ಕಡಿ ಬಂದಿರುತ್ತದೆ, ಕಥೆ ಅದನ್ನು ಸಮ ಮಾಡದಿದ್ದರೆ ರೇಗುತ್ತದೆ. ಹೈಸ್ಮಿತ್‌ಗೆ ಈ ಹಂಬಲವೇ ನೀರಸ ಅನ್ನಿಸುತ್ತಿತ್ತು. ನ್ಯಾಯ ಸಿಕ್ಕಿತೋ ಇಲ್ಲವೋ ಅಂತ ಬದುಕೂ ತಲೆ ಕೆಡಿಸಿಕೊಳ್ಳುವುದಿಲ್ಲ, ಪ್ರಕೃತಿಯೂ ಕೆಡಿಸಿಕೊಳ್ಳುವುದಿಲ್ಲ ಅಂತ 1966ರ ತಮ್ಮ ಪುಸ್ತಕವೊಂದರಲ್ಲಿ ಬರೆದರು.

ಮೊದಮೊದಲು ಸಿನಿಮಾದವರಿಗೆ ಆ ಧೈರ್ಯ ಬರಲಿಲ್ಲ. ರಿಪ್ಲಿಯ ಕಥೆಯನ್ನು 1960ರಲ್ಲಿ ಫ್ರೆಂಚ್ ನಿರ್ದೇಶಕ ರೆನೆ ಕ್ಲೆಮಾ ತೆರೆಗೆ ತಂದಾಗ ಕೊನೆಯಲ್ಲಿ ಹೆಣ ದೋಣಿಯ ಹಗ್ಗಕ್ಕೆ ಸಿಕ್ಕಿಕೊಂಡು ಮೇಲೆ ಬರುತ್ತದೆ. ಹೈಸ್ಮಿತ್‌ಗೆ ಆ ಬದಲಾವಣೆ ಹಿಡಿಸಲೇ ಇಲ್ಲ. ಅದಕ್ಕೂ ಮುಂಚೆ ಆಕೆಯ ಮೊದಲ ಕಾದಂಬರಿ 'ಸ್ಟ್ರೇಂಜರ್ಸ್ ಆನ್ ಎ ಟ್ರೇನ್'ಗೂ ಹೀಗೇ ಆಗಿತ್ತು. 1950ರ ಆ ಕಾದಂಬರಿಯಲ್ಲಿ ಬ್ರೂನೋ ಅನ್ನುವವನು ರೈಲಿನಲ್ಲಿ ಸಿಕ್ಕ ಗೈಗೆ 'ನಿನ್ನ ಹೆಂಡತಿಯನ್ನು ನಾನು ಮುಗಿಸುತ್ತೇನೆ, ನನ್ನ ಅಪ್ಪನನ್ನು ನೀನು ಮುಗಿಸು' ಅನ್ನುತ್ತಾನೆ. ಪುಸ್ತಕದ ಗೈ ಕೊನೆಗೆ ಸೋತು ನಿಜಕ್ಕೂ ಕೊಲ್ಲುತ್ತಾನೆ. 1951ರಲ್ಲಿ ಹಿಚ್‌ಕಾಕ್ ಮಾಡಿದ ಸಿನಿಮಾದ ಗೈ ಕೊಲ್ಲುವುದಿಲ್ಲ. ಸಜ್ಜನ ಸಜ್ಜನನಾಗಿಯೇ ಇರಬೇಕು ಅನ್ನುವವರಿಗೆ ಆ ಸಿನಿಮಾ ಸಾಕು. ಪುಸ್ತಕವನ್ನೇ ಹಿಡಿಯುತ್ತೀರಾದರೆ, ಗೈ ಬ್ರೂನೋನ ಅಪ್ಪನ ಮನೆಯತ್ತ ಹೊರಡುವ ಪುಟಗಳನ್ನು ಮಲಗುವ ಮುಂಚೆ ಓದದಿದ್ದರೆ ವಾಸಿ.