ಸೂಜಿಗಲ್ಲೋ ಅಲ್ಲವೋ, ಕರೆಂಟನ್ನು ಕೇಳಿ

ಧಾರವಾಡದಲ್ಲಿ ಎಂ.ಎಸ್ಸಿ. ಫಿಸಿಕ್ಸ್ ಓದುತ್ತಿರುವ ವಿದ್ಯಾರ್ಥಿನಿಯೊಬ್ಬರ ಪ್ರಶ್ನೆ: "ಸರ್, ರೇರ್ ಅರ್ಥ್ ಲೋಹ ಇರುವ ಹರಳನ್ನು ಕೆಲವೇ ಪರಮಾಣುಗಳ ದಪ್ಪಕ್ಕೆ ಸುಲಿಯುತ್ತಾರಂತೆ. ಅಷ್ಟು ತೆಳು ಚೂರಿನಲ್ಲಿ ಕಾಂತಗುಣ ಇದೆಯೋ ಇಲ್ಲವೋ ಅಂತ ಕಂಡುಹಿಡಿಯೋದು ಹೇಗೆ?"

ಅದರಲ್ಲಿ ಕರೆಂಟ್ ಹರಿಸಿ ನೋಡುತ್ತಾರೆ. ಆದರೆ ಕರೆಂಟಿಗೆ ಕಾಂತದ ಸುದ್ದಿ ಹೇಗೆ ತಿಳಿಯುತ್ತದೆ? ನನಗೆ ಬಹಳ ಇಷ್ಟವಾದ ಭಾಗ ಅದು.

ಮೊದಲು ಸುಲಿಯೋ ಮಾತು. ಚಿಕ್ಕವರಿದ್ದಾಗ ಹೊಲದಲ್ಲಿ ಸಿಕ್ಕ ಕಾಗೆಬಂಗಾರವನ್ನು ಉಗುರಿನಿಂದ ಎಬ್ಬಿಸಿದ್ದೀರಲ್ವಾ? ಒಂದು ಪದರ ಎದ್ದರೆ ಅದರ ಕೆಳಗೆ ಇನ್ನೊಂದು, ಹೊಳೆಯುತ್ತಾ. ಕೆಲವು ಹರಳುಗಳು ಹಾಗೇ ಇವೆ. 2004ರಲ್ಲಿ ಗ್ರ್ಯಾಫೀನ್ ಅನ್ನೋ, ಒಂದೇ ಪರಮಾಣು ದಪ್ಪದ ಇಂಗಾಲದ ಪದರವನ್ನು ಬೇರ್ಪಡಿಸಿದ್ದು ಸಾದಾ ಅಂಟು ಟೇಪಿನಿಂದ. ಗ್ಯಾಡೊಲಿನಿಯಂ ಅನ್ನೋ ರೇರ್ ಅರ್ಥ್ ಲೋಹವೂ ಟೆಲ್ಯೂರಿಯಂ ಅನ್ನೋ ಮೂಲವಸ್ತುವೂ ಕೂಡಿದ ಗ್ಯಾಡೊಲಿನಿಯಂ ಟ್ರೈಟೆಲ್ಯುರೈಡ್ ಹರಳನ್ನೂ ಟೇಪ್ ಹಚ್ಚಿ ಸುಲಿಯಬಹುದು.

ಇದರ ಒಳಗಿನ ಜೋಡಣೆ ಎರಡು ರೊಟ್ಟಿ ನಡುವೆ ಪಲ್ಯ ಇಟ್ಟಂತೆ. ಮೇಲೆ ಕೆಳಗೆ ಬರೀ ಟೆಲ್ಯೂರಿಯಂ ಹಾಳೆ, ನಡುವೆ ಗ್ಯಾಡೊಲಿನಿಯಂ ಮತ್ತು ಟೆಲ್ಯೂರಿಯಂ ಕೂಡಿದ ಪದರ. ಕರೆಂಟ್ ಹೆಚ್ಚಾಗಿ ಹರಿಯೋದು ಹಾಳೆಗಳಲ್ಲಿ. ಕಾಂತಗುಣ ಇರೋದು ನಡುವಿನ ಪದರದಲ್ಲಿ. ಗ್ಯಾಡೊಲಿನಿಯಂನ 4ಎಫ್ ಕಕ್ಷೆಯಲ್ಲಿ 7 ಎಲೆಕ್ಟ್ರಾನ್‌ಗಳು ಜೋಡಿಯಿಲ್ಲದೆ ಇವೆ. ಪರಮಾಣುವಿನ ಒಳಭಾಗದಲ್ಲಿ ಕೂತು, ಪ್ರತಿ ಗ್ಯಾಡೊಲಿನಿಯಂ ಪರಮಾಣುವನ್ನೂ ಪುಟ್ಟ ಸೂಜಿಗಲ್ಲು ಮಾಡುತ್ತವೆ. ಹರಿದಾಡುವ ಎಲೆಕ್ಟ್ರಾನ್‌ಗಳೇ ಬೇರೆ. ಆದರೂ ಈ ಸೂಜಿಗಲ್ಲುಗಳು ಯಾವ ಕಡೆ ಮುಖ ಮಾಡಿವೆ ಅನ್ನೋದು ಅವಕ್ಕೆ ತಟ್ಟುತ್ತದೆ.

ಬಿಸಿ ಇದ್ದಾಗ ಸೂಜಿಗಲ್ಲುಗಳು ಮನಬಂದಂತೆ ತಿರುಗಿರುತ್ತವೆ. ಓಡುವ ಎಲೆಕ್ಟ್ರಾನ್ ಎಡವುತ್ತಾ ಹೋಗುತ್ತದೆ. ಸುಮಾರು 12 ಕೆಲ್ವಿನ್‌ಗೆ, ಅಂದರೆ ಮೈನಸ್ 261 ಡಿಗ್ರಿಗೆ ತಣ್ಣಗೆ ಮಾಡಿದರೆ ಅವು ಸಾಲಾಗಿ ನಿಲ್ಲುತ್ತವೆ, ಒಂದು ಮೇಲೆ ಮುಖ ಮಾಡಿದರೆ ಇನ್ನೊಂದು ಕೆಳಗೆ. ಒಂದರ ಬಲವನ್ನು ಇನ್ನೊಂದು ಕಳೆಯುವುದರಿಂದ ಹೊರಗೆ ಕಾಂತಬಲ ತೋರೋದೇ ಇಲ್ಲ. ಚೂರೂ ಅತಿ ಚಿಕ್ಕದು, ಕಾಂತಬಲ ಅಳೆಯುವ ಮಾಮೂಲಿ ಮ್ಯಾಗ್ನೆಟೋಮೀಟರಿಗೆ ಸಿಗೋದು ಕಷ್ಟ. ಆದರೆ ದಾರಿ ಸರಿಹೋದ ಕೂಡಲೇ ಎಲೆಕ್ಟ್ರಾನ್ ಎಡವೋದು ಕಡಿಮೆಯಾಗುತ್ತದೆ. ತಾಪಮಾನದ ಜೊತೆ ರೆಸಿಸ್ಟೆನ್ಸ್, ಅಂದರೆ ಕರೆಂಟಿಗಿರುವ ತಡೆ, ಹೇಗೆ ಬದಲಾಗುತ್ತದೆ ಅಂತ ತೋರಿಸುವ ಗ್ರಾಫಿನ ಗೆರೆ ಆ ತಾಪಮಾನದಲ್ಲಿ ಥಟ್ಟನೆ ಕೆಳಗೆ ಬಾಗುತ್ತದೆ.

ಇದನ್ನು ಅಳೆಯೋದು ನಿಮ್ಮ ಲ್ಯಾಬಿನ ಫೋರ್ ಪ್ರೋಬ್ ವಿಧಾನದಲ್ಲೇ. ಜರ್ಮೇನಿಯಂ ಮೇಲೆ ಸಾಲಾಗಿ ಕೂತ ನಾಲ್ಕು ಸೂಜಿ ನೆನಪಿದೆಯಲ್ಲ? ಹೊರಗಿನ ಎರಡರಲ್ಲಿ ಕರೆಂಟ್, ಒಳಗಿನ ಎರಡರಲ್ಲಿ ವೋಲ್ಟೇಜ್. ಹಾಗೆ ಮಾಡಿದರೆ ಸೂಜಿ ತಾಗುವ ಜಾಗದ ರೆಸಿಸ್ಟೆನ್ಸ್ ಲೆಕ್ಕಕ್ಕೆ ಸೇರೋದಿಲ್ಲ. ಇಲ್ಲಿ ಸೂಜಿ ಬದಲು ಚೂರಿನ ಮೇಲೆ ಕೂರಿಸಿದ ಲೋಹದ ಸಣ್ಣ ಗೆರೆಗಳು, ಅಷ್ಟೇ ವ್ಯತ್ಯಾಸ. ಗಾಳಿ ತಾಗಿದರೆ ತೆಳು ಚೂರು ಬೇಗ ಕೆಡುತ್ತದೆ, ಅದಕ್ಕೇ ಈ ಕೆಲಸವನ್ನು ಆರ್ಗಾನ್ ತುಂಬಿದ ಪೆಟ್ಟಿಗೆಯೊಳಗೆ ಕೈಗವಸು ತೂರಿಸಿ ಮಾಡಬೇಕು.

ಇದೇ ಹರಳಿನ ಬಗ್ಗೆ 2020ರಲ್ಲಿ ಬಂದ ಸುದ್ದಿ ನನಗೆ ತುಂಬಾ ಖುಷಿ ಕೊಟ್ಟಿತ್ತು. ಅದರ ದಪ್ಪ ಹರಳನ್ನು ಅತಿ ತಣ್ಣಗೆ ಮಾಡಿದಾಗ ಎಲೆಕ್ಟ್ರಾನ್ ಮೊಬಿಲಿಟಿ, ಅಂದರೆ ಎಲೆಕ್ಟ್ರಾನ್ ಎಷ್ಟು ಸಲೀಸಾಗಿ ಓಡುತ್ತದೆ ಅನ್ನೋ ಅಳತೆ, 60,000 cm²/V·s ದಾಟಿತ್ತು. ಕೋಣೆಯ ತಾಪಮಾನದ ಸಿಲಿಕಾನಿನಲ್ಲಿ ಅದು ಸುಮಾರು 1,400. ಕಾಂತಗುಣ ಇರುವ ಪದರದ ವಸ್ತುವಿನಲ್ಲಿ ಇಷ್ಟು ಸಲೀಸು ಓಟ ಅಪರೂಪ.

ಗೆರೆ ಬಾಗಿದ್ದು ಬೇರೆ ಕಾರಣಕ್ಕೂ ಇರಬಹುದಲ್ವಾ ಅಂತ ನೀವು ಕೇಳಬಹುದು. ಕೇಳಲೇಬೇಕು. ಅದಕ್ಕೆ ಗ್ಯಾಡೊಲಿನಿಯಂ ಜಾಗದಲ್ಲಿ ಲ್ಯಾಂಥನಂ ಲೋಹ ಇರುವ ಲ್ಯಾಂಥನಂ ಟ್ರೈಟೆಲ್ಯುರೈಡನ್ನು ಪಕ್ಕದಲ್ಲಿಟ್ಟು ನೋಡುತ್ತಾರೆ. ಜೋಡಣೆ ಅದೇ, ರೊಟ್ಟಿ ಪಲ್ಯದ್ದೇ. ಆದರೆ ಲ್ಯಾಂಥನಂಗೆ 4ಎಫ್ ಎಲೆಕ್ಟ್ರಾನ್‌ಗಳೇ ಇಲ್ಲ. ಅಲ್ಲಿ 12 ಕೆಲ್ವಿನ್ ಬಂದರೂ ಗೆರೆ ಬಾಗೋದಿಲ್ಲ.