ಮಲೆನಾಡಿನ ಮಗುವಿನ ಪುಸ್ತಕದಲ್ಲಿ ಮಲೆನಾಡು ಯಾಕಿಲ್ಲ?

ಕೊಪ್ಪ, ಶೃಂಗೇರಿ ಕಡೆಯ ಮಗುವಿಗೆ ಸಿಗುವ ಚಿತ್ರ ಪುಸ್ತಕಗಳಲ್ಲಿ ಕನ್ನಡವೇನೋ ಚೆನ್ನಾಗಿಯೇ ಇರುತ್ತದೆ. ಆದರೆ ಮಳೆಗೆ ಗೊರಬು (ಬಿದಿರು, ಎಲೆಯಲ್ಲಿ ಹೆಣೆದ ಹೊದಿಕೆ) ಹೊದ್ದು ನಾಟಿ ಮಾಡುವ ಹೆಂಗಸರು, ಅಡಿಕೆ ತೋಟ, ಕಾಫಿ ಒಣಗಿಸುವ ಕಣ ಆ ಚಿತ್ರಗಳಲ್ಲಿ ಕಾಣುವುದು ಅಪರೂಪ. ಇದು ನಿನ್ನೆ ಮೊನ್ನೆಯ ಕೊರತೆಯಲ್ಲ.

ಕಿಂದರಿಜೋಗಿಯನ್ನೇ ನೋಡಿ. ಅದನ್ನು ಬರೆದ ಕುವೆಂಪು ಹುಟ್ಟಿದ್ದು 1904ರಲ್ಲಿ, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಅದು ಅವರ ತಾಯಿಯ ತವರು. ಪದ್ಯಕ್ಕೆ ಆಧಾರ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕವನ. ಆ ಕವನ ಹುಟ್ಟಿದ್ದೇ ಚಿತ್ರಕ್ಕಾಗಿ. ನಟ ಮ್ಯಾಕ್ರೆಡಿಯ ಮಗ ವಿಲ್ಲಿ ಕಾಯಿಲೆ ಬಿದ್ದು ಹಾಸಿಗೆ ಹಿಡಿದಿದ್ದ. ಅವನು ಚಿತ್ರ ಬಿಡಿಸಿಕೊಂಡು ಹೊತ್ತು ಕಳೆಯಲಿ ಎಂದು ಬ್ರೌನಿಂಗ್ ಬರೆದುಕೊಟ್ಟ. ಮುಂದೆ 1888ರಲ್ಲಿ, ಮಕ್ಕಳ ಪುಸ್ತಕಗಳಿಂದಲೇ ಹೆಸರಾದ ಕೇಟ್ ಗ್ರೀನ್‌ಅವೇ ಅದಕ್ಕೆ ಬಣ್ಣದ ಚಿತ್ರ ಬಿಡಿಸಿದರು.

1920ರ ದಶಕದಲ್ಲಿ ಕುವೆಂಪು ಈ ಕಥೆಯನ್ನು ಜರ್ಮನಿಯ ವೇಸರ್ ನದಿಯಿಂದ ತುಂಗಾ ತೀರಕ್ಕೆ ತಂದರು. ಕೊಳಲು ಹೋಗಿ ಕಿಂದರಿ ಬಂತು, ಮೇಯರ್ ಹೋಗಿ ಗೌಡ ಬಂದ. ಮಾತು ಪೂರ್ತಿ ನಮ್ಮದಾಯಿತು. ಪುಟಪುಟಕ್ಕೂ ಬಣ್ಣದ ಚಿತ್ರ ಹಾಕುವುದು ಮಾತ್ರ ಆಗ ಬಲು ದುಬಾರಿ ಕೆಲಸ.

ಈ ದುಡ್ಡಿನ ಲೆಕ್ಕವೇ ಮುಂದಿನದನ್ನೆಲ್ಲ ತೀರ್ಮಾನಿಸಿತು ಅಂತ ನನಗನ್ನಿಸುತ್ತದೆ. ಬಣ್ಣದ ಪುಟಕ್ಕೆ ನಾಲ್ಕು ಶಾಯಿ ಬೇಕು: ನೀಲಿ, ಕೆಂಪು, ಹಳದಿ, ಕಪ್ಪು. ಒಂದೊಂದಕ್ಕೂ ಬೇರೆ ಪ್ಲೇಟ್, ಅಂದರೆ ಮುದ್ರಿಸುವ ಅಚ್ಚು. ಅಕ್ಷರಗಳು ಬರೀ ಕಪ್ಪಿನಲ್ಲಿದ್ದರೆ ಉಳಿದ ಮೂರನ್ನು ಮುಟ್ಟಬೇಕಿಲ್ಲ. ಕಪ್ಪು ಪ್ಲೇಟ್ ಬದಲಿಸಿದರೆ ಸಾಕು, ಹಿಂದಿ ಪುಸ್ತಕ ಕನ್ನಡದ್ದಾಗುತ್ತದೆ. ಕಲಾವಿದರ ಸಂಭಾವನೆ, ಪ್ಲೇಟಿನ ಖರ್ಚು ಎಲ್ಲ ಭಾಷೆಗಳಿಗೂ ಹಂಚಿಹೋಗುತ್ತದೆ. 1957ರಲ್ಲಿ ಶುರುವಾದ ನ್ಯಾಷನಲ್ ಬುಕ್ ಟ್ರಸ್ಟ್ ನೆಹರೂ ಬಾಲ ಪುಸ್ತಕಾಲಯ ಮಾಲೆಯಲ್ಲಿ ಒಂದೇ ಚಿತ್ರಗಳ ಪುಸ್ತಕವನ್ನು ಹಲವು ಭಾಷೆಗಳಲ್ಲಿ, ಕಡಿಮೆ ಬೆಲೆಗೆ ಕೊಟ್ಟಿತು. ಅದು ದೊಡ್ಡ ಉಪಕಾರ, ಎರಡು ಮಾತಿಲ್ಲ. ಆದರೆ ಎಲ್ಲ ರಾಜ್ಯಕ್ಕೂ ಒಪ್ಪುವ ಚಿತ್ರ ಬೇಕು ಅಂದಾಗ ಮೊದಲು ಬಿಟ್ಟುಹೋಗುವುದು ಒಂದು ಊರಿನ ಗುರುತು, ಅಲ್ವಾ?

2004ರಲ್ಲಿ ಬೆಂಗಳೂರಿನಲ್ಲಿ ಪ್ರಥಮ್ ಬುಕ್ಸ್ ಎಂಬ ಮಕ್ಕಳ ಪುಸ್ತಕಗಳ ಪ್ರಕಾಶನ ಶುರುವಾಯಿತು. ಅವರ ಸ್ಟೋರಿವೀವರ್ ಜಾಲತಾಣದಲ್ಲಿ 2015ರಿಂದ ಯಾರು ಬೇಕಾದರೂ ಕಥೆಗಳನ್ನು ತಮ್ಮ ಭಾಷೆಗೆ ತರಬಹುದು. ಅನುವಾದವಾದರೆ ಬದಲಾಗುವುದು ಇಲ್ಲೂ ಮಾತೇ, ಚಿತ್ರ ಹಾಗೇ ಉಳಿಯುತ್ತದೆ.

ಶಾಲೆ, ಪಂಚಾಯಿತಿ ಗ್ರಂಥಾಲಯಗಳಿಗೆ ಪುಸ್ತಕ ಕೊಳ್ಳುವವರು ಮಲೆನಾಡಿನ ಕಲಾವಿದರು ಬಿಡಿಸಿದ ಪುಸ್ತಕ ಬೇಕು ಎಂದು ಕೇಳಬೇಕು. ಅದಕ್ಕೆ ತಕ್ಕ ಸಂಭಾವನೆಯೂ ಸಿಗಬೇಕು. ಖರ್ಚು ಹಂಚಿಕೊಳ್ಳುವ ಉಪಾಯ ಹೇಗೂ ಇದೆ: ಕೊಪ್ಪದಲ್ಲಿ ಬಿಡಿಸಿದ ಪುಸ್ತಕವೂ ಕಪ್ಪು ಪ್ಲೇಟ್ ಬದಲಿಸಿಕೊಂಡು ತಮಿಳಿಗೆ, ಹಿಂದಿಗೆ ಹೋಗಬಹುದು.