ಗೆರೆ ಎಳೆದಷ್ಟೂ ಹಬ್ಬಿದ ಜಗಳ: ಗುಲಾಮಗಿರಿಯ ಪ್ರಶ್ನೆ ಅಮೆರಿಕವನ್ನು ಅಂತರ್ಯುದ್ಧಕ್ಕೆ ತಂದ ಬಗೆ

ಅಮೆರಿಕದ ಅಂತರ್ಯುದ್ಧ ನಡೆದದ್ದು ರಾಜ್ಯಗಳ ಹಕ್ಕಿಗಾಗಿ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಡುವಾಗ ತಾವೇ ಬರೆದಿಟ್ಟ ಘೋಷಣೆಗಳನ್ನು ಓದಿದವರಿಗೆ ಈ ಮಾತನ್ನು ಒಪ್ಪುವುದು ಕಷ್ಟ. ತಮ್ಮ ನಿಲುವು ಗುಲಾಮಗಿರಿಯ ವ್ಯವಸ್ಥೆಯೊಂದಿಗೆ ಸಂಪೂರ್ಣವಾಗಿ ಬೆಸೆದುಕೊಂಡಿದೆ ಎಂದು ಮಿಸಿಸಿಪಿ ರಾಜ್ಯ 1861ರ ಜನವರಿಯಲ್ಲಿ ನೇರವಾಗಿಯೇ ಸಾರಿತ್ತು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಎಪ್ಪತ್ತು ವರ್ಷ ಗುಲಾಮಗಿರಿಯನ್ನು ಒಳಗಿಟ್ಟುಕೊಂಡೇ ಒಂದಾಗಿದ್ದ ದೇಶ ಆಮೇಲೆ ಒಡೆದದ್ದೇಕೆ? ಜಗಳ ಮುಗಿಸಲೆಂದು ಮಾಡಿಕೊಂಡ ಒಂದೊಂದು ರಾಜಿಯೂ ಅದನ್ನು ಇನ್ನಷ್ಟು ಜನರ ಮನೆಬಾಗಿಲಿಗೆ ಒಯ್ದದ್ದೇ ಇದಕ್ಕೆ ಕಾರಣ ಎಂದು ನನಗನಿಸುತ್ತದೆ.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಿದ್ಧವಾದ ಸಂವಿಧಾನದಲ್ಲಿ ‘ಗುಲಾಮ’ ಎಂಬ ಪದವೇ ಇರಲಿಲ್ಲ. ಗುಲಾಮಗಿರಿಯನ್ನು ಕಾಯುವ ಏರ್ಪಾಡುಗಳು ಮಾತ್ರ ಇದ್ದವು. ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯ ಸ್ಥಾನಗಳನ್ನು ಹಂಚುವಾಗ ಗುಲಾಮರ ಸಂಖ್ಯೆಯ ಐದರಲ್ಲಿ ಮೂರು ಪಾಲನ್ನು ಜನಸಂಖ್ಯೆಗೆ ಸೇರಿಸಿಕೊಳ್ಳಬೇಕೆಂದು ನಿಗದಿಯಾಯಿತು. ಮತದಾನದ ಹಕ್ಕೇ ಇಲ್ಲದ ಆ ಜನರ ತಲೆ ಎಣಿಸಿ ಅವರ ಯಜಮಾನರಿಗೆ ಹೆಚ್ಚಿನ ಸ್ಥಾನಗಳನ್ನೂ ಅಧ್ಯಕ್ಷರ ಆಯ್ಕೆಯಲ್ಲಿ ಹೆಚ್ಚಿನ ಮತಗಳನ್ನೂ ಕೊಟ್ಟಂತಾಯಿತು. ಆಫ್ರಿಕಾದಿಂದ ಗುಲಾಮರನ್ನು ತರುವುದನ್ನು 1808ರವರೆಗೆ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ನಿಷೇಧಿಸುವಂತಿರಲಿಲ್ಲ, ಮತ್ತು ತಪ್ಪಿಸಿಕೊಂಡು ಬೇರೆ ರಾಜ್ಯ ಸೇರಿದವರನ್ನು ಯಜಮಾನರಿಗೆ ಒಪ್ಪಿಸಬೇಕಿತ್ತು. ಗುಲಾಮಗಿರಿ ಕ್ರಮೇಣ ತಾನಾಗಿಯೇ ಸಾಯುತ್ತದೆ ಎಂದು ಆಗಿನ ನಾಯಕರಲ್ಲಿ ಹಲವರು ನಂಬಿದ್ದರು.

ಹತ್ತಿ ಆ ನಂಬಿಕೆಯನ್ನು ಸುಳ್ಳಾಗಿಸಿತು. 1793ರಲ್ಲಿ ಇಲೈ ವಿಟ್ನಿ ರೂಪಿಸಿದ ಜಿನ್ನಿಂಗ್ ಯಂತ್ರ ಅರಳೆಯಿಂದ ಬೀಜ ಬಿಡಿಸುವ ಕೆಲಸವನ್ನು ಹಗುರಗೊಳಿಸಿತು. ಆದರೆ ಬಿತ್ತುವ, ಕಳೆ ತೆಗೆಯುವ, ಗಿಡದಿಂದ ಹತ್ತಿ ಬಿಡಿಸುವ ದುಡಿಮೆ ಮನುಷ್ಯರ ಕೈಯಲ್ಲೇ ಉಳಿಯಿತು. ಬ್ರಿಟನ್ನಿನ ಗಿರಣಿಗಳು ಎಷ್ಟು ಹತ್ತಿ ಬಂದರೂ ಕೊಳ್ಳಲು ಸಿದ್ಧವಿದ್ದುದರಿಂದ ಜಾರ್ಜಿಯಾದಿಂದ ಪಶ್ಚಿಮಕ್ಕೆ ಅಲಬಾಮಾ, ಮಿಸಿಸಿಪಿ, ಲೂಸಿಯಾನಾದವರೆಗೆ ಹತ್ತಿಯ ತೋಟಗಳು ಹಬ್ಬಿದವು. 1790ರಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರ ಸಂಖ್ಯೆ 1860ರ ಹೊತ್ತಿಗೆ 39 ಲಕ್ಷವನ್ನು ದಾಟಿತು. ಈ ಅವಧಿಯಲ್ಲಿ ವರ್ಜೀನಿಯಾ, ಮೇರಿಲ್ಯಾಂಡ್ ಮುಂತಾದ ಹಳೆಯ ರಾಜ್ಯಗಳಿಂದ ಸುಮಾರು ಹತ್ತು ಲಕ್ಷ ಜನರನ್ನು ದಕ್ಷಿಣದ ಹತ್ತಿ ಸೀಮೆಗೆ ಸಾಗಿಸಲಾಯಿತು. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ, ಮಕ್ಕಳು ಮತ್ತೊಂದು ಕಡೆ ಮಾರಾಟವಾದರು. ಮುಂದೆ ನಡೆದ ಸಂಸದೀಯ ಚರ್ಚೆಗಳನ್ನೆಲ್ಲ ಓದುವಾಗ ಈ ಸಂಗತಿಯನ್ನು ಮರೆಯಬಾರದು. (ನಮ್ಮ ಧಾರವಾಡ ಸೀಮೆಗೂ ಈ ಹತ್ತಿಯ ನಂಟಿದೆ. 1840ರ ದಶಕದಲ್ಲೇ ಅಲ್ಲಿಗೆ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯನ್ನು ತರಲಾಗಿತ್ತು. ಯುದ್ಧದಿಂದ ಅಮೆರಿಕದ ಸರಬರಾಜು ನಿಂತು ಬೆಲೆ ಏರಿದಾಗ ಅದರ ಬೇಸಾಯ ವಿಸ್ತರಿಸಿತು.)

ಹತ್ತಿ ಪಶ್ಚಿಮಕ್ಕೆ ಸರಿದಂತೆ ಹೊಸ ರಾಜ್ಯಗಳು ಯಾವ ಪಾಳೆಯಕ್ಕೆ ಸೇರಬೇಕು ಎಂಬ ಪ್ರಶ್ನೆ ಎದ್ದಿತು. ಮಿಸ್ಸೂರಿಯನ್ನು ಒಕ್ಕೂಟಕ್ಕೆ ಸೇರಿಸುವ ಚರ್ಚೆ ನಡೆದಿದ್ದ 1819ರ ಕೊನೆಯ ಹೊತ್ತಿಗೆ ಗುಲಾಮಗಿರಿ ಇದ್ದ ರಾಜ್ಯಗಳು 11, ಇಲ್ಲದವು 11. ಜನಸಂಖ್ಯೆಯಲ್ಲಿ ಮುಂದಿದ್ದ ಉತ್ತರಕ್ಕೆ ಪ್ರತಿನಿಧಿ ಸಭೆಯಲ್ಲಿ ಬಹುಮತವಿತ್ತು. ರಾಜ್ಯಕ್ಕೆ ಇಬ್ಬರಂತೆ ಸದಸ್ಯರಿದ್ದ ಮೇಲ್ಮನೆ ಸೆನೆಟ್ ಮಾತ್ರ ಸಮಬಲದಲ್ಲಿದ್ದು, ದಕ್ಷಿಣಕ್ಕೆ ಅದೇ ರಕ್ಷಣೆಯಾಗಿತ್ತು. ಮಿಸ್ಸೂರಿಯಲ್ಲಿ ಗುಲಾಮಗಿರಿಯನ್ನು ಹಂತಹಂತವಾಗಿ ಕೊನೆಗಾಣಿಸಬೇಕೆಂದು ನ್ಯೂಯಾರ್ಕಿನ ಜೇಮ್ಸ್ ಟಾಲ್ಮಾಜ್ ತಂದ ತಿದ್ದುಪಡಿ ಪ್ರತಿನಿಧಿ ಸಭೆಯಲ್ಲಿ ಗೆದ್ದು ಸೆನೆಟ್ಟಿನಲ್ಲಿ ಸೋತಿತು. 1820ರಲ್ಲಿ ರಾಜಿಯಾಯಿತು: ಮಿಸ್ಸೂರಿಯಲ್ಲಿ ಗುಲಾಮಗಿರಿ ಇರಲಿ, ಮೇನ್ ಗುಲಾಮಗಿರಿಯಿಲ್ಲದ ‘ಸ್ವತಂತ್ರ’ ರಾಜ್ಯವಾಗಿ ಸೇರಲಿ, ಫ್ರಾನ್ಸಿನಿಂದ ಕೊಂಡ ಲೂಸಿಯಾನಾ ಪ್ರದೇಶದ ಉಳಿದ ನೆಲದಲ್ಲಿ 36 ಡಿಗ್ರಿ 30 ನಿಮಿಷ ಅಕ್ಷಾಂಶದ ಉತ್ತರಕ್ಕೆ ಗುಲಾಮಗಿರಿ ಬೇಡ. ತಾನೇ ನೂರಾರು ಗುಲಾಮರ ಯಜಮಾನನಾಗಿದ್ದ ವೃದ್ಧ ಮಾಜಿ ಅಧ್ಯಕ್ಷ ಜೆಫರ್ಸನ್, ಈ ಪ್ರಶ್ನೆ ನಡುರಾತ್ರಿಯ ಬೆಂಕಿಗಂಟೆಯಂತೆ ತನ್ನನ್ನು ಎಚ್ಚರಿಸಿ ಭಯಪಡಿಸಿತೆಂದು ಪತ್ರವೊಂದರಲ್ಲಿ ಬರೆದ.

ಈ ಗೆರೆ ಮೂರು ದಶಕಕ್ಕೂ ಹೆಚ್ಚು ಕಾಲ ಬಾಳಿತು. ಆದರೆ ಆ ಕಾಲ ಶಾಂತವಾಗಿರಲಿಲ್ಲ. ಗುಲಾಮಗಿರಿಯ ವಿರುದ್ಧ ಬಂದ ಮನವಿಗಳನ್ನು ಚರ್ಚೆಗೇ ಎತ್ತಿಕೊಳ್ಳಬಾರದೆಂಬ ನಿಯಮವನ್ನು ಪ್ರತಿನಿಧಿ ಸಭೆ 1836ರಿಂದ 1844ರವರೆಗೆ ಪಾಲಿಸಿತು. 1837ರಲ್ಲಿ ಇಲಿನಾಯ್ ರಾಜ್ಯದ ಆಲ್ಟನ್ ಪಟ್ಟಣದಲ್ಲಿ ಪತ್ರಿಕಾ ಸಂಪಾದಕ ಎಲೈಜಾ ಲವ್‌ಜಾಯ್ ತನ್ನ ಮುದ್ರಣಯಂತ್ರವನ್ನು ಕಾಯುತ್ತಲೇ ದೊಂಬಿಯ ಗುಂಡಿಗೆ ಬಲಿಯಾದ. ಕರಿಯರ ಬಿಡುಗಡೆಯ ಬಗ್ಗೆ ತಲೆಕೆಡಿಸಿಕೊಳ್ಳದ ಉತ್ತರದ ಬಿಳಿಯರಿಗೂ ತಮ್ಮ ಮನವಿಯ ಹಕ್ಕಿಗೆ, ಬರೆಯುವ ಹಕ್ಕಿಗೆ ಕುತ್ತು ಬಂದಿದೆ ಎಂಬ ಅನುಮಾನ ಆಗ ಮೊಳೆಯಿತು.

1846ರಿಂದ 1848ರವರೆಗೆ ಮೆಕ್ಸಿಕೋದೊಂದಿಗೆ ನಡೆದ ಯುದ್ಧದಲ್ಲಿ ಅಮೆರಿಕ ಅಪಾರ ನೆಲ ಗೆದ್ದಿತು. ಆ ನೆಲದಲ್ಲಿ ಗುಲಾಮಗಿರಿ ಕೂಡದೆಂಬ ಡೇವಿಡ್ ವಿಲ್ಮಟ್‌ನ ಪ್ರಸ್ತಾವ ಸೆನೆಟ್ಟನ್ನು ದಾಟಲಿಲ್ಲ. ಚಿನ್ನ ಸಿಕ್ಕ ಕ್ಯಾಲಿಫೋರ್ನಿಯಾ ಸ್ವತಂತ್ರ ರಾಜ್ಯವಾಗಲು ಮುಂದೆ ಬಂದಾಗ 1850ರಲ್ಲಿ ಮತ್ತೊಂದು ರಾಜಿ ಬೇಕಾಯಿತು. ಕ್ಯಾಲಿಫೋರ್ನಿಯಾವನ್ನು ಕೊಟ್ಟು ದಕ್ಷಿಣ ಪಡೆದದ್ದು ತಪ್ಪಿಸಿಕೊಂಡ ಗುಲಾಮರನ್ನು ಹಿಡಿಯುವ ಕಠಿಣ ಕಾನೂನನ್ನು.

ನನ್ನ ದೃಷ್ಟಿಯಲ್ಲಿ ಯುದ್ಧದ ಹಾದಿಯಲ್ಲಿ ಈ ಕಾನೂನಿಗಿಂತ ದೊಡ್ಡ ಹೆಜ್ಜೆ ಇನ್ನೊಂದಿಲ್ಲ. ಆರೋಪಿಗೆ ಜ್ಯೂರಿಯ ವಿಚಾರಣೆ ಇರಲಿಲ್ಲ, ತನ್ನ ಪರವಾಗಿ ತಾನೇ ಸಾಕ್ಷಿ ಹೇಳುವ ಅವಕಾಶವೂ ಇರಲಿಲ್ಲ. ವಿಚಾರಿಸುವ ಕಮಿಷನರ್ ಆ ವ್ಯಕ್ತಿಯನ್ನು ಯಜಮಾನನಿಗೆ ಒಪ್ಪಿಸಿದರೆ 10 ಡಾಲರ್, ಬಿಟ್ಟರೆ 5 ಡಾಲರ್ ಸಂಭಾವನೆ ಪಡೆಯುತ್ತಿದ್ದ. ಓಡಿಬಂದವರಿಗೆ ನೆರವಾದವರಿಗೆ 1000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಸೆರೆ ಕಾದಿತ್ತು. ಅಧಿಕಾರಿ ಕರೆದರೆ ದಾರಿಹೋಕನೂ ಹಿಡಿಯಲು ಕೈಜೋಡಿಸಬೇಕಿತ್ತು. ಅಲ್ಲಿಯವರೆಗೆ ಗುಲಾಮಗಿರಿ ದೂರದ ದಕ್ಷಿಣದ ಸಂಗತಿ ಎಂದುಕೊಂಡಿದ್ದ ಬಾಸ್ಟನ್ನಿನ ವ್ಯಾಪಾರಿಯನ್ನೂ ಒಹಾಯೋದ ರೈತನನ್ನೂ ಈ ಕಾನೂನು ಅದರ ಕಾವಲುಗಾರರನ್ನಾಗಿ ಮಾಡಿತು. 1854ರ ಮೇ ತಿಂಗಳಲ್ಲಿ ವರ್ಜೀನಿಯಾದಿಂದ ತಪ್ಪಿಸಿಕೊಂಡಿದ್ದ ಆಂತೊನಿ ಬರ್ನ್ಸ್ ಬಾಸ್ಟನ್ನಿನಲ್ಲಿ ಸೆರೆಸಿಕ್ಕ. ಅವನನ್ನು ಬಿಡಿಸಲು ನ್ಯಾಯಾಲಯಕ್ಕೆ ನುಗ್ಗಿದ ಜನರ ಯತ್ನ ವಿಫಲವಾಯಿತು. ಜೂನ್ 2ರಂದು ಒಬ್ಬ ನಿರಾಯುಧ ಮನುಷ್ಯನನ್ನು ಹಡಗಿಗೆ ಹತ್ತಿಸಲು ಸೈನಿಕರ ಸಾಲುಗಳೇ ಬೀದಿಗಿಳಿದವು. ಕಟ್ಟಡಗಳ ಮೇಲೆ ಕಪ್ಪು ಬಟ್ಟೆ ಇಳಿಬಿಟ್ಟು ಸಾವಿರಾರು ಜನ ನೋಡುತ್ತ ನಿಂತರು. ರಾಜಿಯ ಪರವಾಗಿದ್ದ ಸಂಪ್ರದಾಯಸ್ಥರೇ ರಾತ್ರಿ ಬೆಳಗಾಗುವುದರೊಳಗೆ ಗುಲಾಮಗಿರಿಯ ಕಡುವಿರೋಧಿಗಳಾದರು ಎಂದು ಅಲ್ಲಿನ ಉದ್ಯಮಿ ಏಮಸ್ ಲಾರೆನ್ಸ್ ಬರೆದುಕೊಂಡ.

ರಾಜ್ಯಗಳ ಹಕ್ಕಿನ ವಾದ ಇಲ್ಲಿ ಪೂರ್ತಿ ತಲೆಕೆಳಗಾಗುತ್ತದೆ. ಈ ಕಾನೂನು ಸಂವಿಧಾನಬಾಹಿರ ಎಂದು ತೀರ್ಪು ಕೊಟ್ಟು ರಾಜ್ಯದ ಅಧಿಕಾರವನ್ನು ಎತ್ತಿಹಿಡಿದದ್ದು ಉತ್ತರದ ವಿಸ್ಕಾನ್ಸಿನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ. ಕೇಂದ್ರದ ಬಲಪ್ರಯೋಗವನ್ನು ಬಯಸಿದ್ದು ದಕ್ಷಿಣ.

ಬರ್ನ್ಸ್ ಬಂಧನದ ವಾರದಲ್ಲೇ ಕಾಂಗ್ರೆಸ್ ಕಾನ್ಸಾಸ್-ನೆಬ್ರಾಸ್ಕಾ ಮಸೂದೆಯನ್ನು ಅಂಗೀಕರಿಸಿತು. ಇಲಿನಾಯ್‌ನ ಸೆನೆಟರ್ ಸ್ಟೀಫನ್ ಡಗ್ಲಸ್ 1820ರ ಗೆರೆಯನ್ನು ಅಳಿಸಿ, ಗುಲಾಮಗಿರಿ ಬೇಕೋ ಬೇಡವೋ ಎಂಬುದನ್ನು ಕಾನ್ಸಾಸ್, ನೆಬ್ರಾಸ್ಕಾ ಪ್ರಾಂತ್ಯಗಳ ನಿವಾಸಿಗಳೇ ತೀರ್ಮಾನಿಸಲಿ ಎಂದ. ಕೇಳಲು ಇದು ಪ್ರಜಾತಂತ್ರದ ಮಾತಿನಂತಿತ್ತು. ಆದರೆ ತೀರ್ಮಾನಿಸುವ ‘ಜನ’ರಲ್ಲಿ ಗುಲಾಮರು ಇರಲಿಲ್ಲ, ಮತ್ತು ಬಹುಮತ ಬೇಕಿದ್ದವರು ಬಂದೂಕು ಹಿಡಿದು ಗಡಿ ದಾಟಬಹುದಿತ್ತು. 1855ರ ಮಾರ್ಚ್‌ನಲ್ಲಿ ಸುಮಾರು 2,900 ಅರ್ಹ ಮತದಾರರಿದ್ದ ಕಾನ್ಸಾಸಿನಲ್ಲಿ 6,000ಕ್ಕೂ ಹೆಚ್ಚು ಮತಗಳು ಬಿದ್ದವು. ಅವುಗಳಲ್ಲಿ ಹೆಚ್ಚಿನವು ನೆರೆಯ ಮಿಸ್ಸೂರಿಯಿಂದ ಬಂದ ಗುಂಪುಗಳು ಹಾಕಿದ ಮತಗಳು. ಮರುವರ್ಷ ಮೇ 21ರಂದು ಗುಲಾಮಗಿರಿ ವಿರೋಧಿಗಳ ಲಾರೆನ್ಸ್ ಪಟ್ಟಣ ಲೂಟಿಯಾಯಿತು. 22ರಂದು ಸೆನೆಟ್ ಸಭಾಂಗಣದಲ್ಲೇ ದಕ್ಷಿಣ ಕ್ಯಾರೊಲಿನಾದ ಪ್ರೆಸ್ಟನ್ ಬ್ರೂಕ್ಸ್, ಮ್ಯಾಸಚೂಸೆಟ್ಸ್‌ನ ಸೆನೆಟರ್ ಚಾರ್ಲ್ಸ್ ಸಮ್ನರ್‌ನನ್ನು ಬೆತ್ತದಿಂದ ಪ್ರಜ್ಞೆ ತಪ್ಪುವಂತೆ ಬಡಿದ. 24ರ ರಾತ್ರಿ ಗುಲಾಮಗಿರಿಯ ಕಡುವಿರೋಧಿ ಜಾನ್ ಬ್ರೌನ್‌ನ ತಂಡ ಕಾನ್ಸಾಸಿನಲ್ಲಿ ಗುಲಾಮಗಿರಿಯ ಪರವಿದ್ದ ಐವರನ್ನು ಮನೆಯಿಂದ ಎಳೆದು ಕೊಂದಿತು. ಅಲ್ಲಿಯವರೆಗೆ ಎರಡು ದೊಡ್ಡ ಪಕ್ಷಗಳಲ್ಲಿ ಒಂದಾಗಿದ್ದ ವಿಗ್ ಪಕ್ಷ ಕುಸಿದು, ಗುಲಾಮಗಿರಿಯ ವಿಸ್ತರಣೆಯನ್ನು ತಡೆಯಲೆಂದೇ 1854ರಲ್ಲಿ ಹುಟ್ಟಿದ ರಿಪಬ್ಲಿಕನ್ ಪಕ್ಷ ಉತ್ತರದಲ್ಲಿ ಬಲಗೊಂಡಿತು.

ಕಾಂಗ್ರೆಸ್ ಬಗೆಹರಿಸಲಾಗದ್ದನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಬಗೆಹರಿಸಲು ಹೊರಟಿತು. ಯಜಮಾನನೊಂದಿಗೆ ಸ್ವತಂತ್ರ ನೆಲದಲ್ಲಿ ವರ್ಷಗಟ್ಟಲೆ ಬಾಳಿದ್ದ ಡ್ರೆಡ್ ಸ್ಕಾಟ್ ತನ್ನ ಬಿಡುಗಡೆಗಾಗಿ 1846ರಲ್ಲೇ ದಾವೆ ಹೂಡಿದ್ದ. 1857ರ ಮಾರ್ಚ್ 6ರಂದು ಮುಖ್ಯ ನ್ಯಾಯಮೂರ್ತಿ ರಾಜರ್ ಟಾನಿ, ಕರಿಯರು ಅಮೆರಿಕದ ಪ್ರಜೆಗಳಾಗಲಾರರೆಂದೂ, ಇನ್ನೂ ರಾಜ್ಯವಾಗದ ಯಾವ ಪ್ರಾಂತ್ಯದಲ್ಲೂ ಗುಲಾಮಗಿರಿಯನ್ನು ನಿಷೇಧಿಸುವ ಅಧಿಕಾರ ಕಾಂಗ್ರೆಸ್ಸಿಗಿಲ್ಲವೆಂದೂ ಹೇಳಿದ. ಹೊಸ ಪಕ್ಷದ ಮೂಲ ಬೇಡಿಕೆಯನ್ನೇ ಸಂವಿಧಾನಬಾಹಿರವೆಂದ ಈ ತೀರ್ಪು ನಡುದಾರಿ ಹುಡುಕುತ್ತಿದ್ದವರಿಗೆ ಜಾಗವನ್ನೇ ಉಳಿಸಲಿಲ್ಲ. 1859ರ ಅಕ್ಟೋಬರಿನಲ್ಲಿ ವರ್ಜೀನಿಯಾದ ಹಾರ್ಪರ್ಸ್ ಫೆರಿಯ ಶಸ್ತ್ರಾಗಾರದ ಮೇಲೆ ದಾಳಿ ಮಾಡಿ ಗಲ್ಲಿಗೇರಿದ ಜಾನ್ ಬ್ರೌನ್‌ಗಾಗಿ ಉತ್ತರದ ಕೆಲವು ಊರುಗಳಲ್ಲಿ ಚರ್ಚಿನ ಗಂಟೆಗಳು ಮೊಳಗಿದಾಗ ದಕ್ಷಿಣ ಬೆಚ್ಚಿಬಿದ್ದಿತು.

1860ರಲ್ಲಿ ಡೆಮಾಕ್ರಟಿಕ್ ಪಕ್ಷ ಒಡೆದು, ಅಧ್ಯಕ್ಷ ಚುನಾವಣೆಯ ನಾಲ್ವರ ಸ್ಪರ್ಧೆಯಲ್ಲಿ ರಿಪಬ್ಲಿಕನ್ ಪಕ್ಷದ ಲಿಂಕನ್ ಶೇಕಡಾ 40ರಷ್ಟು ಮತ ಪಡೆದು ಗೆದ್ದ. ಇದ್ದ ಕಡೆ ಗುಲಾಮಗಿರಿಯನ್ನು ಮುಟ್ಟುವುದಿಲ್ಲ, ಹರಡಲು ಬಿಡುವುದಿಲ್ಲ ಎಂಬುದು ಅವನ ನಿಲುವು. ಅಷ್ಟೂ ದಕ್ಷಿಣಕ್ಕೆ ಸಹ್ಯವಾಗಲಿಲ್ಲ. ಡಿಸೆಂಬರ್ 20ರಂದು ಹೊರನಡೆದ ದಕ್ಷಿಣ ಕ್ಯಾರೊಲಿನಾ, ಓಡಿಹೋದ ಗುಲಾಮರನ್ನು ಒಪ್ಪಿಸದಂತೆ ಉತ್ತರದ ರಾಜ್ಯಗಳು ಕಾನೂನು ಮಾಡಿಕೊಂಡಿವೆ ಎಂಬುದನ್ನೇ ತನ್ನ ಘೋಷಣೆಯಲ್ಲಿ ದೊಡ್ಡ ದೂರಾಗಿ ಬರೆಯಿತು. ಹೊರನಡೆದ ರಾಜ್ಯಗಳು ಕಟ್ಟಿಕೊಂಡ ಹೊಸ ಒಕ್ಕೂಟದ ಸಂವಿಧಾನ ಗುಲಾಮರ ಮೇಲಿನ ಆಸ್ತಿಹಕ್ಕಿಗೆ ಧಕ್ಕೆ ತರುವ ಯಾವ ಕಾನೂನನ್ನೂ ಮಾಡಬಾರದೆಂದು ವಿಧಿಸಿತು. 1861ರ ಏಪ್ರಿಲ್ 12ರಂದು ಕೇಂದ್ರದ ಸೇನೆಯಿದ್ದ ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರ ಗುಂಡು ಹಾರಿ ಯುದ್ಧ ಶುರುವಾಯಿತು.

ಆರು ವಾರ ಕಳೆಯುವುದರೊಳಗೆ, ವರ್ಜೀನಿಯಾದ ಮತದಾರರು ಒಕ್ಕೂಟ ಬಿಡುವ ನಿರ್ಧಾರವನ್ನು ಅನುಮೋದಿಸಿದ ಮೇ 23ರ ರಾತ್ರಿ, ದಕ್ಷಿಣದ ಸೇನೆಗೆ ಕೋಟೆಕೆಲಸ ಮಾಡುತ್ತಿದ್ದ ಮೂವರು ಗುಲಾಮರು—ಫ್ರಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್‌ಸೆಂಡ್—ದೋಣಿಯಲ್ಲಿ ಉತ್ತರದವರ ಮನ್ರೋ ಕೋಟೆಗೆ ಬಂದು ಸೇರಿದರು. ಮರುದಿನ ಯಜಮಾನನ ಪರವಾಗಿ ಬಂದ ಅಧಿಕಾರಿ ಅವರನ್ನು 1850ರ ಕಾನೂನಿನ ಪ್ರಕಾರ ಒಪ್ಪಿಸಬೇಕೆಂದು ಕೇಳಿದ. ವಕೀಲನೂ ಆಗಿದ್ದ ಸೇನಾಧಿಕಾರಿ ಬೆಂಜಮಿನ್ ಬಟ್ಲರ್ ಒಪ್ಪಲಿಲ್ಲ: ವರ್ಜೀನಿಯಾ ತಾನು ಬೇರೆ ದೇಶವೆಂದು ಹೇಳಿಕೊಂಡ ಮೇಲೆ ಅಮೆರಿಕದ ಕಾನೂನು ಅದರ ನೆರವಿಗೆ ಬರುವುದಿಲ್ಲ ಎಂದ. ಕೆಲವೇ ದಿನಗಳಲ್ಲಿ ಹತ್ತಾರು ಜನ ಹೆಂಡಿರು ಮಕ್ಕಳೊಂದಿಗೆ ಆ ಕೋಟೆಯ ಬಾಗಿಲಿಗೆ ಬಂದರು.